ದೇವರ ಬಾಗಿಲಲ್ಲಿ ಜರ್ಮನ್ ಬೂಟುಗಳು

ಕಳೆದ ಭಾನುವಾರ ಮಧ್ಯಾಹ್ನ, ಮನೆ ತುಂಬ ಅತಿಥಿಗಳಿದ್ದಾಗ, ನಮ್ಮ ಬಾಗಿಲಿನ ಬೆಲ್ ಆಯಿತು. ತೆರೆದರೆ ಎದುರು ಮನೆಯ ಫ್ರೌ ಬೇರಿಂಗರ್. ಅವರ ಕೈಯಲ್ಲಿ ಚಪ್ಪಲಿ.

ನಮ್ಮ ಕಡೆ ಹೆಂಗಸೊಬ್ಬರು ಚಪ್ಪಲಿ ಕೈಯಲ್ಲಿ ಹಿಡಿದು ಗಂಡಸಿನ ಎದುರು ನಿಂತರೆ ಅದಕ್ಕೆ ಒಂದೇ ಅರ್ಥ. ಒಳಗೆ ಕೂತಿದ್ದ ಕನ್ನಡಿಗರೆಲ್ಲ ಒಮ್ಮೆಗೇ ಮಾತು ನಿಲ್ಲಿಸಿದರು. ಯಾರೋ ಒಬ್ಬರು ಟಿವಿಯ ಧ್ವನಿಯನ್ನೂ ತಗ್ಗಿಸಿದರು. ಒಂದು ಶಬ್ದವೂ ತಪ್ಪಿಹೋಗಬಾರದಲ್ಲ?

ಅವರಿಗೆ ನಿರಾಸೆಯಾಯಿತು. ಫ್ರೌ ಬೇರಿಂಗರ್ ಚಪ್ಪಲಿ ವಾಪಸು ಕೊಡಲು ಬಂದಿದ್ದರು. ಅದು ನನ್ನದೇ ಚಪ್ಪಲಿ. ತೊಳೆದು, ಒರೆಸಿ, ಎಣ್ಣೆ ಹಚ್ಚಿ, ಹೊಳಪು ಬರಿಸಿ ತಂದಿದ್ದರು. ಬಲಗಾಲಿನದು ನಾನು ಧಾರವಾಡದಿಂದ ತಂದಾಗ ಹೇಗಿತ್ತೋ ಹಾಗೇ ಇತ್ತು. ಎಡಗಾಲಿನದರ ಅಡಿಗೆ ಮಾತ್ರ ಲಾರಿಯ ಟೈರನ್ನು ಕತ್ತರಿಸಿ, ಪದರು ಪದರಾಗಿ ಮೊಳೆ ಹೊಡೆದು ಕೂರಿಸಲಾಗಿತ್ತು.

ಎಪ್ಪತ್ತು ದಾಟಿದ ಜರ್ಮನ್ ಮಹಿಳೆಯ ಕಾಲಿಗೆ ನನ್ನ ಚಪ್ಪಲಿ ಹೋದದ್ದು ಹೇಗೆ? ಅದಕ್ಕೆ ಟೈರು ಅಂಟಿಕೊಂಡದ್ದು ಯಾವ ಖಂಡದಲ್ಲಿ? ಸಮಾಧಾನದಿಂದ ಕೇಳಬೇಕು. ಇದು ಧರ್ಮ, ವಾಸ್ತುಶಿಲ್ಪ ಮತ್ತು ಪಾದರಕ್ಷೆ ಮೂರೂ ಸೇರಿದ ಗಂಭೀರ ಪ್ರಕರಣ.

ನಾವಿರುವುದು ಜರ್ಮನಿಯ ರೆನ್ನಿಂಗೆನ್‌ನಲ್ಲಿ. ಇಲ್ಲಿಯ ಜನ ಮೆಟ್ಟಿಲುಗಳನ್ನು ಪೂಜಿಸುತ್ತಾರೆ. ಉತ್ಪ್ರೇಕ್ಷೆಯಲ್ಲ. ಒಂದೊಂದು ವಾರ ಒಂದೊಂದು ಮನೆಯವರು ಮೆಟ್ಟಿಲು ಗುಡಿಸಿ ಒರೆಸಬೇಕು. ಇದಕ್ಕೆ ಕೇರ್‌ವೋಖೆ ಎಂದು ಹೆಸರು. ಸರದಿ ಬಂದ ಮನೆಯ ಬಾಗಿಲಿಗೆ ಒಂದು ಪುಟ್ಟ ಫಲಕ ಬಂದು ನೇತಾಡುತ್ತದೆ. ಆ ವಾರ ಮನೆಯವರಿಗೆ ಸೂತಕದಲ್ಲಿರುವವರ ಮುಖ.

ಇಂಥ ಪವಿತ್ರ ಮೆಟ್ಟಿಲ ಬಳಿ ನಾವು ಬಂದ ಹೊಸದರಲ್ಲಿ ಏನು ಮಾಡಿದೆವು? ಬಾಗಿಲ ಹೊರಗೆ ಚಪ್ಪಲಿ ಬಿಟ್ಟೆವು. ಮನೆ ಎಂದ ಮೇಲೆ ಹೊರಗೆ ಚಪ್ಪಲಿ ಇರಬೇಕು ಎಂದು ನಾವು, ಮೆಟ್ಟಿಲು ಎಂದ ಮೇಲೆ ಖಾಲಿ ಇರಬೇಕು ಎಂದು ಫ್ರೌ ಬೇರಿಂಗರ್. ಅವರು ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆದು ನಿವೃತ್ತರಾದವರು. ಗೆರೆಯ ಆಚೆ ಬಿದ್ದ ವಸ್ತುವನ್ನು ಸಹಿಸುವ ಅಭ್ಯಾಸ ಅವರಿಗಿಲ್ಲ.

ಮೊದಲ ವಾರವೇ ಬೆಲ್ ಮಾಡಿ, ಹೌಸ್‌ಓರ್ಡ್ನುಂಗ್, ಅಂದರೆ ಈ ಕಟ್ಟಡದ ನಿಯಮಾವಳಿಯ ಒಂದು ಪ್ರತಿ ಕೊಟ್ಟರು. ಮೆಟ್ಟಿಲ ಬಳಿ ಏನನ್ನೂ ಇಡತಕ್ಕದ್ದಲ್ಲ. ಏನನ್ನೂ ಎಂದರೆ ಏನನ್ನೂ. ಆಮೇಲೆ ತಮ್ಮ ಎಡಗಾಲನ್ನು ಸ್ವಲ್ಪ ಮುಂದಿಟ್ಟು ತೋರಿಸಿದರು.

ಆ ಕಾಲು ಹುಟ್ಟಿನಿಂದಲೇ ಗಿಡ್ಡ. ಅದಕ್ಕಾಗಿ ಅವರ ಎಡ ಬೂಟಿನ ಅಡಿ ಬಲಕ್ಕಿಂತ ದಪ್ಪ. ಡಾಕ್ಟರು ಬರೆದುಕೊಟ್ಟು, ಬೂಟು ಕಟ್ಟುವವನು ಅಚ್ಚು ತೆಗೆದು, ಅವರ ಕಾಲಿಗೆಂದೇ ಹೊಲಿದ ಬೂಟು. "ನೀವು ಬಿಟ್ಟ ಚಪ್ಪಲಿ ನಿಮಗೆ ಚಪ್ಪಲಿ, ಹೆರ್ ಪಾಟೀಲ್. ನನಗೆ ಅದು ಗುಡ್ಡ," ಅಂದರು.

ಅಂದಿನಿಂದ ಚಪ್ಪಲಿ ಒಳಗೆ ಬಂತು. ಹಬ್ಬ ಹರಿದಿನಗಳಲ್ಲಿ ಮಾತ್ರ ಅತಿಥಿಗಳ ಚಪ್ಪಲಿ ಬಾಗಿಲಾಚೆ ಉಕ್ಕಿ ಹರಿಯುತ್ತಿತ್ತು. ಆಗ ಬೆಲ್ ಆಗುತ್ತಿತ್ತು. ವರ್ಷಾನುಗಟ್ಟಲೆ ನಮ್ಮ ಸಂಬಂಧ ಇಷ್ಟೇ: ಚಪ್ಪಲಿ, ಬೆಲ್, ಕ್ಷಮಾಪಣೆ.

ಹೀಗಿರುವಾಗ ನನಗೆ ನಿವೃತ್ತಿಯಾಯಿತು. ನನ್ನ ಹೆಂಡತಿ ಸುಮಿತ್ರಾ ಒಂದು ತಿಂಗಳು ತಡೆದುಕೊಂಡಳು. ಎರಡನೆಯ ತಿಂಗಳು ಹೇಳಿದಳು.

"ನೋಡ್ರಿ, ನೀವು ಹಿಂಗ ದಿನಾ ಅಡಿಗಿಮನ್ಯಾಗ ಬಂದು ಫ್ರಿಜ್ ತಗದು ಹಾಕಿ ಮಾಡಿದ್ರ ನಾ ಒಂದಿನ ಹೊಂಟ ಹೋಗ್ತೀನಿ."

"ಎಲ್ಲಿಗೆ?"

"ಅದೂ ನಾನ ಯೋಚನೆ ಮಾಡಬೇಕೇನು?"

ಪರಿಣಾಮವಾಗಿ ನಾವಿಬ್ಬರೂ ಫೋಲ್ಕ್ಸ್‌ಹೋಖ್‌ಶೂಲೆಯ ಸಂಜೆಯ ತರಗತಿಗೆ ಸೇರಿದೆವು. ದೊಡ್ಡವರಿಗೆಂದೇ ಜರ್ಮನರು ನಡೆಸುವ ಶಾಲೆ ಅದು. ಕುಂಬಾರಿಕೆಯಿಂದ ತೆರಿಗೆಯ ತನಕ ಎಲ್ಲವನ್ನೂ ಕಲಿಸುತ್ತಾರೆ. ನಮಗೆ ಸೀಟು ಸಿಕ್ಕಿದ್ದು 'ಕೆರಿಬಿಯನ್ ಬಂದರು ನಗರಗಳ ವಾಸ್ತುಶಿಲ್ಪ'ದಲ್ಲಿ. ಹೊರಗೆ ಹಿಮ, ಒಳಗೆ ಪರದೆಯ ಮೇಲೆ ತೆಂಗಿನ ಮರ. ಮೊದಲ ಬೆಂಚಿನಲ್ಲಿ ಯಾರು? ಪೆನ್ಸಿಲ್ ಚೂಪು ಮಾಡಿಕೊಂಡು ಫ್ರೌ ಬೇರಿಂಗರ್.

ತರಗತಿಯ ಕೊನೆಗೆ, ಈಸ್ಟರ್ ರಜೆಯಲ್ಲಿ, ಆಸಕ್ತರಿಗೆ ಪ್ರವಾಸ. ಕೊಲಂಬಿಯಾದ ಕಾರ್ತಹೇನಾ. ಸಮುದ್ರದ ದಂಡೆಯಲ್ಲಿ, ಸುತ್ತ ಕೋಟೆಗೋಡೆ ಕಟ್ಟಿಕೊಂಡು ಕೂತಿರುವ ಹಳೆಯ ಊರು. ಆ ಗೋಡೆಯ ಉದ್ದದ ಬಗ್ಗೆ ನಮ್ಮ ಮೇಷ್ಟ್ರು ಒಂದು ಹೇಳಿದರೆ, ಅವರೇ ಹಂಚಿದ ನಕ್ಷೆ ಇನ್ನೊಂದು ಹೇಳುತ್ತಿತ್ತು. ಫ್ರೌ ಬೇರಿಂಗರ್ ಕೈ ಎತ್ತಿದರು. ಮೇಷ್ಟ್ರು ಉತ್ತರ ಕೊಟ್ಟರು. ಅವರು ಕೈ ಇಳಿಸಲಿಲ್ಲ.

"ನಡೆದೇ ನೋಡುತ್ತೇನೆ," ಅಂದರು ಕೊನೆಗೆ.

ಆ ದಿನ ಬಸ್‌ಸ್ಟಾಪಿನಲ್ಲಿ ನನಗೆ ಕಾರಣ ಹೇಳಿದರು. ಅಕ್ಟೋಬರಿನಲ್ಲಿ ಅವರ ಸೊಂಟದ ಕೀಲಿಗೆ ಆಪರೇಷನ್. ಆಮೇಲೆ ಕಾಲು ಸುಧಾರಿಸಲೂಬಹುದು, ಇನ್ನಷ್ಟು ಕೆಡಲೂಬಹುದು, ಡಾಕ್ಟರು ಎರಡನ್ನೂ ಒಂದೇ ನಗುಮುಖದಲ್ಲಿ ಹೇಳಿದ್ದರಂತೆ. "ಅದಕ್ಕೆ ಮುಂಚೆ ಒಂದು ಊರನ್ನು ಪೂರ್ತಿ ಸುತ್ತಬೇಕು. ನಕ್ಷೆ ಬರೆಯುವ ಕೆಲಸದಲ್ಲಿ ನಾನು ಕೂತೇ ಇದ್ದೆ. ನಡೆದು ಅಳೆದು ಬರುತ್ತಿದ್ದವರು ಬೇರೆಯವರು."

ಇಷ್ಟು ಮಾತನ್ನು ಅವರು ಚಪ್ಪಲಿಯ ಪ್ರಸ್ತಾಪವಿಲ್ಲದೆ ನನ್ನೊಂದಿಗೆ ಆಡಿದ್ದು ಅದೇ ಮೊದಲು.

ಕಾರ್ತಹೇನಾದಲ್ಲಿ ವಿಮಾನದಿಂದ ಇಳಿದ ಕೂಡಲೇ ಬಿಸಿಗಾಳಿ ಒದ್ದೆ ಟವೆಲಿನಂತೆ ಮುಖಕ್ಕೆ ಅಂಟಿಕೊಂಡಿತು. ಸುಮಿತ್ರಾ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಸುತ್ತ ನೋಡಿದಳು. ತೆಂಗು, ಬಾಳೆ, ಹಸಿ ಮಾವಿನಕಾಯಿಗೆ ಉಪ್ಪು ಹಾಕಿ ಮಾರುವವರು, ಯಾರನ್ನೋ ಕೂಗಿ ಕರೆಯುವ ಡ್ರೈವರುಗಳು.

"ಕಾರವಾರಕ್ಕ ಬಂದಂಗ ಆತಲ್ರೀ," ಅಂದಳು. "ಇದಕ್ಕ ಇಷ್ಟು ದೂರ ಬರೂದಿತ್ತಾ?"

ಬಂದದ್ದು ಸಾರ್ಥಕ. ಊರು ನಿಜವಾಗಿಯೂ ಚಂದ. ಕಿರಿದಾದ ಬೀದಿಗಳು, ಅರಿಶಿನ ಬಣ್ಣದ ಗೋಡೆಗಳು, ಎರಡೂ ಬದಿಯಿಂದ ಬಾಗಿ ಒಂದನ್ನೊಂದು ಮಾತಾಡಿಸುವಂತಿರುವ ಮರದ ಬಾಲ್ಕನಿಗಳು, ಅವುಗಳ ಮೇಲಿಂದ ಇಳಿಬಿದ್ದ ಕಾಗದದ ಹೂವಿನ ಬಳ್ಳಿ. ಆನೆ ಹೋಗುವಷ್ಟು ದೊಡ್ಡ ಬಾಗಿಲು, ಆ ಬಾಗಿಲಲ್ಲಿ ಮನುಷ್ಯರಿಗೊಂದು ಚಿಕ್ಕ ಬಾಗಿಲು. ಬಡಿಯುವ ಹಿತ್ತಾಳೆಯ ಕೊಂಡಿ ಕೆಲವು ಕಡೆ ಹಲ್ಲಿ, ಕೆಲವು ಕಡೆ ಸಿಂಹ, ಕೆಲವು ಕಡೆ ಮೀನು. ಮನೆಯವರ ಅಂತಸ್ತು ಏನೆಂದು ಕೊಂಡಿಯೇ ಹೇಳುತ್ತಿತ್ತಂತೆ. ಈಗ ಅದಕ್ಕೆ ಕಾರು ಇದೆ.

ಗೋಡೆಯ ವಿಷಯ ಬೇರೆ. ಸಮುದ್ರದಿಂದ ಹವಳದ ಕಲ್ಲು ಕಡಿದು ಕಟ್ಟಿದ ಗೋಡೆ. ಹತ್ತಿರ ಹೋದರೆ ಕಲ್ಲಿನಲ್ಲಿ ಹವಳದ ಎಲೆ, ಗೆರೆ, ತೂತು ಎಲ್ಲ ಕಾಣುತ್ತದೆ. ಯಾಕೆ ಕಟ್ಟಿದರು? ಸ್ಪೇನಿನವರು ಈ ಖಂಡವನ್ನೆಲ್ಲ ದೋಚಿ ತಂದ ಚಿನ್ನವನ್ನು ಹಡಗಿಗೆ ತುಂಬುತ್ತಿದ್ದದ್ದು ಇಲ್ಲಿಂದ. ತಾವು ದೋಚಿದ್ದನ್ನು ಬೇರೆಯವರು ದೋಚಬಾರದಲ್ಲ? ಅದಕ್ಕೆ ಗೋಡೆ. ಕಲ್ಲು ಹೊತ್ತವರು ಆಫ್ರಿಕಾದಿಂದ ಹಿಡಿದು ತಂದ ಜನ. ಕಟ್ಟಿಸಿದವರ ಹೆಸರು ಅಲ್ಲಲ್ಲಿ ಕೆತ್ತಿದೆ. ಹೊತ್ತವರ ಹೆಸರು ಹುಡುಕಿದೆ, ಸಿಗಲಿಲ್ಲ. (ಹುಡುಕಿದವನು ನಾನೊಬ್ಬನೇ ಆಗಿರಲಾರೆ.)

ಮೊದಲ ದಿನ ನಮ್ಮ ಗೈಡ್ ಮರಿಸೋಲ್ ಒಂದು ಚಿಕ್ಕ ಚೌಕದ ಮೂಲೆಯಲ್ಲಿ ತಿಂಡಿಗೆ ನಿಲ್ಲಿಸಿದರು. ಮರಿಸೋಲ್ ಅದೇ ಊರಿನ ಹೆಣ್ಣುಮಗಳು, ನಮಗಿಂತ ಒಳ್ಳೆಯ ಜರ್ಮನ್ ಮಾತಾಡುತ್ತಾರೆ. ಅಲ್ಲಿ ನೆಲ್ಲಿ ಎಂಬ ಅರುವತ್ತರ ಹತ್ತಿರದ ಹೆಂಗಸು ದೊಡ್ಡ ಬಾಣಲೆಯಲ್ಲಿ ಅರೇಪಾ ಕರಿಯುತ್ತಿದ್ದಳು. ಅರೇಪಾ ಅಂದರೆ ಮೆಕ್ಕೆಜೋಳದ ಹಿಟ್ಟಿನ ದಪ್ಪ ರೊಟ್ಟಿ. ಒಮ್ಮೆ ಕರಿದು, ಪಕ್ಕ ಸೀಳಿ, ಒಳಗೆ ಮೊಟ್ಟೆ ಒಡೆದು ಹಾಕಿ, ಮತ್ತೊಮ್ಮೆ ಕರಿಯುತ್ತಾರೆ.

"ತತ್ತಿ ಹಾಕಬ್ಯಾಡ ಅಂತ ಹೇಳ್ರಿ," ಅಂದಳು ಸುಮಿತ್ರಾ.

ನಾನು ಮರಿಸೋಲ್‌ಗೆ ಹೇಳಿದೆ. ಮರಿಸೋಲ್ ನೆಲ್ಲಿಗೆ ಹೇಳಿದರು. ನೆಲ್ಲಿ ಜಾಲರಿ ಸೌಟು ಕೆಳಗಿಟ್ಟು ನಮ್ಮಿಬ್ಬರನ್ನೂ ನೋಡಿದಳು. ಯಾವ ರೋಗ ಎಂದು ಕೇಳುವ ನೋಟ.

"ಹಾಗಾದರೆ ಒಳಗೆ ಏನು ಹಾಕಲಿ?"

ಸುಮಿತ್ರಾ ಪರ್ಸ್ ತೆರೆದು ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದಳು. (ಪಾಸ್‌ಪೋರ್ಟ್ ಮರೆತಾಳು, ಇದನ್ನು ಮರೆಯಲಾರಳು.) ಸೀಳಿದ ಅರೇಪಾದೊಳಗೆ ತಾನೇ ತುಂಬಿ ಕೊಟ್ಟಳು. ನೆಲ್ಲಿ ಕರಿದಳು. ಒಂದು ತುಂಡು ತಾನೂ ಬಾಯಿಗೆ ಹಾಕಿಕೊಂಡಳು. ಬೆರಳು ನೆಕ್ಕಿಕೊಂಡಳು. ಆಮೇಲೆ "ಮಿ ರೇನಾ," ಅಂದಳು. ನನ್ನ ರಾಣಿ ಎಂದರ್ಥ. ನಾನು ಇಷ್ಟು ವರ್ಷದಲ್ಲಿ ಹೇಳದ ಮಾತು ಎಂದು ಸುಮಿತ್ರಾ ನನಗೆ ನೆನಪಿಸಿದಳು.

ನಾವು ತಿನ್ನುತ್ತಿದ್ದಾಗ ಫ್ರೌ ಬೇರಿಂಗರ್ ಮಾತ್ರ ನೆಲ್ಲಿಯ ಕಾಲು ನೋಡುತ್ತಿದ್ದರು. ನೆಲ್ಲಿ ಎಡಗಾಲನ್ನು ಒಂದು ಹಲಗೆಯ ತುಂಡಿನ ಮೇಲೆ ಇಟ್ಟುಕೊಂಡು ನಿಂತಿದ್ದಳು. ಉಪ್ಪು ತೆಗೆದುಕೊಳ್ಳಲು ಪಕ್ಕಕ್ಕೆ ಸರಿಯುವಾಗ ಆ ಹಲಗೆಯನ್ನೂ ಕಾಲಿನಿಂದಲೇ ತಳ್ಳಿಕೊಂಡು ಸರಿಯುತ್ತಿದ್ದಳು.

"ಅದು ಸ್ವಲ್ಪ ಎತ್ತರ ಹೆಚ್ಚಾಯಿತು," ಅಂದರು ಫ್ರೌ ಬೇರಿಂಗರ್, ನನ್ನ ಕಡೆ ತಿರುಗದೆ. "ಬೆನ್ನು ನೋಯುತ್ತದೆ."

ಪ್ರವಾಸದ ಕೊನೆಯ ದಿನ. ಬೆಳಿಗ್ಗೆ ಅದೇ ಚೌಕದ ಚರ್ಚು, ಸಂಜೆ ಗೋಡೆಯ ಮೇಲೆ ನಡಿಗೆ, ಮರುದಿನ ಮುಂಜಾನೆ ವಿಮಾನ. ಗೋಡೆಯನ್ನು ಕೊನೆಗೆ ಇಟ್ಟುಕೊಂಡದ್ದು ಫ್ರೌ ಬೇರಿಂಗರ್ ಅವರ ಒತ್ತಾಯದಿಂದ. ಉಳಿದ ದಿನಗಳಲ್ಲಿ ಕಾಲನ್ನು ಲೆಕ್ಕ ಹಾಕಿ ಬಳಸಿದ್ದರು.

ಮರಿಸೋಲ್ ಬಸ್ಸಿನವನೊಂದಿಗೆ ಮಾತಾಡಲು ಹಿಂದೆ ಉಳಿದರು. ನಾನೂ ಸುಮಿತ್ರಾಳೂ ಎಲ್ಲರಿಗಿಂತ ಮುಂದೆ ಚರ್ಚಿನ ಬಾಗಿಲಿಗೆ ಬಂದೆವು. ಬಾಗಿಲ ಪಕ್ಕದಲ್ಲಿ ಮರದ ಒಂದು ರ‍್ಯಾಕ್. ಅದರಲ್ಲಿ ನಾಲ್ಕಾರು ಜೊತೆ ಬೂಟು. ಮೇಲೆ ಸ್ಪ್ಯಾನಿಶ್‌ನಲ್ಲಿ ಒಂದು ಬೋರ್ಡು, ಬೂಟಿನ ಚಿತ್ರ ಸಹಿತ.

ನೀವೇ ಹೇಳಿ. ದೇವರ ಬಾಗಿಲು, ಪಕ್ಕದಲ್ಲಿ ರ‍್ಯಾಕು, ರ‍್ಯಾಕಿನಲ್ಲಿ ಪಾದರಕ್ಷೆ. ಕರ್ನಾಟಕದಲ್ಲಿ ಹುಟ್ಟಿದ ಯಾವ ಮನುಷ್ಯನಿಗೆ ಇದನ್ನು ಓದಿ ಹೇಳಬೇಕು?

ನಾನು ಚಪ್ಪಲಿ ಬಿಚ್ಚಿದೆ. ಸುಮಿತ್ರಾಳೂ ಬಿಚ್ಚಿದಳು. ಹಿಂದಿದ್ದ ಜರ್ಮನರು ನಿಂತರು. ಒಬ್ಬರು ರ‍್ಯಾಕ್ ನೋಡಿದರು. ಒಬ್ಬರು ಬೋರ್ಡು ನೋಡಿದರು. ಯಾರೋ "ಆಹಾ" ಅಂದರು. ಜರ್ಮನರಿಗೆ ನಿಯಮ ಇದೆ ಎಂದು ಗೊತ್ತಾದರೆ ಸಾಕು, ಯಾರು ಮಾಡಿದ ನಿಯಮ ಎಂದು ಕೇಳುವುದಿಲ್ಲ. ತಾವೇ ಸಾಲಾಗಿ ನಿಂತು, ಲೇಸು ಬಿಚ್ಚಿ, ಕಾಲುಚೀಲದಲ್ಲಿ ಒಳಗೆ ಹೋಗತೊಡಗಿದರು. ಬೂಟುಗಳನ್ನು ಹಿಮ್ಮಡಿ ಹೊರಗೆ ಬರುವಂತೆ ಎಷ್ಟು ನೇರವಾಗಿ ಜೋಡಿಸಿದ್ದರೆಂದರೆ, ನಮ್ಮ ಯಾವ ದೇವಸ್ಥಾನವೂ ಅಂಥದ್ದನ್ನು ಕಂಡಿರಲಾರದು. ರ‍್ಯಾಕಿನಲ್ಲಿ ಜಾಗ ಸಾಲದೆ ನನ್ನ ಚಪ್ಪಲಿಯನ್ನು ಅದರಡಿಗೆ ತಳ್ಳಿದರು.

ಕೊನೆಗೆ ಫ್ರೌ ಬೇರಿಂಗರ್. ಅವರು ಬಿಚ್ಚಲಿಲ್ಲ. ನನ್ನನ್ನು ಕರೆದರು.

"ಹೆರ್ ಪಾಟೀಲ್, ಇದು ಕಡ್ಡಾಯವೋ, ಐಚ್ಛಿಕವೋ?"

"ಗೌರವ," ಅಂದೆ.

"ಯಾರಾದರೂ ನೋಡಿಕೊಳ್ಳುತ್ತಾರೆಯೇ?"

"ದೇವರ ಬಾಗಿಲಲ್ಲಿ ಯಾರೂ ಮುಟ್ಟುವುದಿಲ್ಲ," ಅಂದೆ. ಸಾವಿರಾರು ವರ್ಷಗಳ ಸಂಸ್ಕೃತಿ ನನ್ನ ಧ್ವನಿಯಲ್ಲಿ ಇತ್ತು. ಧಾರವಾಡದಲ್ಲಿ ದೇವರ ಬಾಗಿಲಲ್ಲೇ ನಾನು ಕಳೆದುಕೊಂಡ ಚಪ್ಪಲಿಗಳ ಇತಿಹಾಸವನ್ನು ಅಲ್ಲಿ ಹೇಳಲು ಹೋಗಲಿಲ್ಲ.

ಅವರು ಮೆಟ್ಟಿಲ ಮೇಲೆ ಕೂತು, ಆ ವಿಶೇಷ ಬೂಟುಗಳನ್ನು ಬಿಚ್ಚಿ, ಜೋಡಿಸಿಟ್ಟು, ಸುಮಿತ್ರಾಳ ತೋಳು ಹಿಡಿದು ಒಳಗೆ ಬಂದು ಹತ್ತಿರದ ಬೆಂಚಿನಲ್ಲಿ ಕೂತರು. ಬಾಗಿಲ ಹೊರಗೆ ಪಾದರಕ್ಷೆ ಬಿಡಬಾರದೆಂದು ವರ್ಷಾನುಗಟ್ಟಲೆ ನನಗೆ ಹೇಳಿದವರು ಬಾಗಿಲ ಹೊರಗೆ ಬಿಟ್ಟೇ ಬಂದಿದ್ದರು. ನನಗೆ ಒಳಗೊಳಗೆ ಗೆದ್ದಷ್ಟು ಸಂತೋಷವಾಯಿತು. ಇದನ್ನೂ ಬರೆದುಬಿಡುವುದು ಒಳ್ಳೆಯದು.

ಸ್ವಲ್ಪ ಹೊತ್ತಿನ ಮೇಲೆ ಮರಿಸೋಲ್ ಬಂದರು. ಕಾಲುಚೀಲದಲ್ಲಿ ಕೂತ ಜರ್ಮನರ ಸಾಲು ನೋಡಿ ದನಿ ತಗ್ಗಿಸಿದರು.

"ಇದು ನಿಮ್ಮಲ್ಲಿ ಏನಾದರೂ ಪ್ರಾಯಶ್ಚಿತ್ತವೇ?"

"ನಿಮ್ಮಲ್ಲಿಯ ಪದ್ಧತಿಯಲ್ಲವೇ?" ಅಂದೆ.

ಇಬ್ಬರೂ ಒಟ್ಟಿಗೇ ಬಾಗಿಲ ಕಡೆ ಹೋದೆವು. ರ‍್ಯಾಕು ಖಾಲಿ.

ಮರಿಸೋಲ್ ಬೋರ್ಡು ಓದಿ ಹೇಳಿದರು. ಬಳಸಿದ ಬೂಟುಗಳನ್ನು ಇಲ್ಲಿ ಇಡಿ, ಇಲ್ಲದವರಿಗೆ ಕೊಡುತ್ತೇವೆ.

ಚರ್ಚಿನ ಉಸ್ತುವಾರಿಯ ಅಜ್ಜಿ ಬಂದರು. ಕಣ್ಣು ಇನ್ನೂ ಒದ್ದೆ. ಆಗಾಗ ಒಂದೆರಡು ಜೊತೆ ಬರುತ್ತದಂತೆ, ಅದೂ ಹರಿದದ್ದು. ಇವತ್ತು ಜರ್ಮನ್ ದೇಶದವರು ಸಾಲಾಗಿ ನಿಂತು, ಹಾಕಿಕೊಂಡು ಬಂದ ಬೂಟನ್ನೇ ಬಿಚ್ಚಿ ಕೊಟ್ಟು, ಕಾಲುಚೀಲದಲ್ಲಿ ಪ್ರಾರ್ಥನೆಗೆ ಕೂತದ್ದನ್ನು ಅವರು ಕಣ್ಣಾರೆ ಕಂಡರು. ಪಾದ್ರಿಗೂ ಫೋನ್ ಮಾಡಿ ಹೇಳಿಯಾಗಿತ್ತು.

ಇದನ್ನು ಗ್ರೂಪಿಗೆ ವಿವರಿಸುವ ಹೊಣೆ ಯಾರದು? ಸಂಸ್ಕೃತಿಯ ಪ್ರತಿನಿಧಿಯದು. ವಿವರಿಸಿದೆ. ಯಾರೂ ಏನೂ ಹೇಳಲಿಲ್ಲ. ಜರ್ಮನರು ಏನೂ ಹೇಳದಿದ್ದಾಗ ಅದು ಬಹಳ ದೂರ ಕೇಳಿಸುತ್ತದೆ.

ಅಜ್ಜಿ ಕೋಣೆಯೊಳಗೆ ಪೇರಿಸಿಟ್ಟ ಬೂಟುಗಳನ್ನು ಒಂದೊಂದಾಗಿ ಹೊರಗೆ ತಂದರು. ದಾನವನ್ನು ವಾಪಸು ತೆಗೆದುಕೊಳ್ಳುವಾಗ ಎಲ್ಲರೂ ನೆಲ ನೋಡುತ್ತಿದ್ದರು. ನನ್ನ ಚಪ್ಪಲಿಯನ್ನು ಒಳಗೆ ಒಯ್ದೇ ಇರಲಿಲ್ಲ. ಅದು ರ‍್ಯಾಕಿನ ಅಡಿಯಲ್ಲೇ ಇತ್ತು. ಇಲ್ಲದವರಿಗೂ ಕೊಡುವಂಥದ್ದಲ್ಲ ಎಂದು ಅಜ್ಜಿ ತೀರ್ಮಾನಿಸಿದ್ದರು.

ಎಲ್ಲರ ಬೂಟೂ ಬಂತು. ಒಂದು ಜೊತೆ ಬರಲಿಲ್ಲ.

"ಅದು ನೆಲ್ಲಿಗೆ," ಅಂದರು ಅಜ್ಜಿ. "ಎಡಗಾಲಿನದು ದಪ್ಪ ಅಡಿಯದು. ಎಷ್ಟು ವರ್ಷದಿಂದ ಹಲಗೆ ಮೇಲೆ ನಿಲ್ಲುತ್ತಾಳೆ ಪಾಪ. ಕೈಗೆ ಬಂದ ಕೂಡಲೇ ಓಡಿಹೋಗಿ ಕೊಟ್ಟೆ. ಅವಳಿಗೆಂದೇ ಅಳತೆ ತೆಗೆದ ಹಾಗೆ ಇತ್ತು. ಪವಾಡ ಅಂತ ಹೇಳಿಯೇ ಕೊಟ್ಟೆ."

ಪವಾಡವನ್ನು ವಾಪಸು ಕೇಳುವುದು ಹೇಗೆ? ಯಾವ ಹೌಸ್‌ಓರ್ಡ್ನುಂಗಿನಲ್ಲೂ ಇದಕ್ಕೆ ಕಲಮು ಇಲ್ಲ.

ಫ್ರೌ ಬೇರಿಂಗರ್ ಬೆಂಚಿನಲ್ಲೇ ಕೂತಿದ್ದರು. ನಾನು ಹೋಗಿ ಹೇಳಿದೆ. ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು.

"ಇನ್ನೊಂದು ಜೊತೆ ಇದೆ," ಅಂದರು. "ರೆನ್ನಿಂಗೆನ್‌ನಲ್ಲಿ. ನೆಲಮಾಳಿಗೆಯಲ್ಲಿ." ಆಮೇಲೆ ಕಿಟಕಿಯ ಕಡೆ ನೋಡಿದರು. ಅಲ್ಲಿಂದ ಗೋಡೆಯ ಒಂದು ಮೂಲೆ ಕಾಣುತ್ತಿತ್ತು. "ಸಂಜೆ ಎಷ್ಟು ಗಂಟೆಗೆ ಹೊರಡುವುದೆಂದು ಇತ್ತು?"

ಆ ಪ್ರಶ್ನೆಗೆ ಉತ್ತರ ಅವರಿಗೆ ಗೊತ್ತಿತ್ತು. ಆ ದಿನದ ವೇಳಾಪಟ್ಟಿ ಬರೆದವರೇ ಅವರು.

ಸುಮಿತ್ರಾ ಒಂದು ಕಡೆ, ನಾನು ಒಂದು ಕಡೆ ತೋಳು ಹಿಡಿದು ಚೌಕ ದಾಟಿಸಿದೆವು. ಮರಿಸೋಲ್ ಮುಂದೆ. ನೆಲ್ಲಿ ಬಾಣಲೆಯ ಎದುರು ನಿಂತಿದ್ದಳು, ಎರಡೂ ಕಾಲು ನೆಲದ ಮೇಲೆ. ಹಲಗೆ ಪಕ್ಕದಲ್ಲಿ ಬಿದ್ದಿತ್ತು. ಸುಮಿತ್ರಾಳನ್ನು ಕಂಡು ಕೈ ಎತ್ತಿದಳು. ಬೂಟು ತೋರಿಸಲು ಒಂದು ಹೆಜ್ಜೆ ಆಚೆ, ಒಂದು ಹೆಜ್ಜೆ ಈಚೆ ನಡೆದಳು.

ಆಮೇಲೆ ಫ್ರೌ ಬೇರಿಂಗರ್ ಅವರ ಕಾಲುಚೀಲ ಕಂಡಿತು. ಅವರು ಓರೆಯಾಗಿ ನಿಂತ ರೀತಿ ಕಂಡಿತು. ಅದನ್ನು ಅನುವಾದಿಸುವ ಅಗತ್ಯ ಬರಲಿಲ್ಲ. ನೆಲ್ಲಿ ಒಲೆ ಸಣ್ಣ ಮಾಡಿದಳು. ಸ್ಟೂಲಿನ ಮೇಲೆ ಕೂತು ಲೇಸಿಗೆ ಕೈ ಹಾಕಿದಳು. ಇನ್ನೊಂದು ಕೈಯಿಂದ ಹಲಗೆಯನ್ನು ಹತ್ತಿರ ಎಳೆದುಕೊಂಡಳು.

"ನಿಲ್ಲಿಸಿ," ಅಂದರು ಫ್ರೌ ಬೇರಿಂಗರ್. ಜರ್ಮನ್‌ನಲ್ಲಿ. ನೆಲ್ಲಿ ನಿಲ್ಲಿಸಿದಳು. "ಆ ಲೈಟಿನ ಕಂಬದವರೆಗೆ ಹೋಗಿ ಬರಲು ಹೇಳಿ."

ನೆಲ್ಲಿ ಹೋಗಿ ಬಂದಳು. ಫ್ರೌ ಬೇರಿಂಗರ್ ಅವಳ ಸೊಂಟ, ಮೊಣಕಾಲು, ಹಿಮ್ಮಡಿ ಎಲ್ಲವನ್ನೂ ನೋಡಿದರು. ಭೂಮಾಪನ ಕಚೇರಿಯಲ್ಲಿ ಗಡಿ ತಕರಾರು ಬಂದಾಗ ಹೀಗೇ ನೋಡುತ್ತಿದ್ದಿರಬೇಕು.

"ಬೆನ್ನು ನೇರ ಇದೆ," ಅಂದರು. "ಹಿಮ್ಮಡಿ ಸಡಿಲ. ಬರಿಗಾಲಿಗೆ ಹಾಕಿದ್ದಾಳೆ, ಅದು ತಪ್ಪು."

ನಮ್ಮ ತೋಳು ಬಿಡಿಸಿಕೊಂಡು ಸ್ಟೂಲಿನ ಮೇಲೆ ಕೂತರು. ತಮ್ಮ ದಪ್ಪ ಬೂದು ಬಣ್ಣದ ಕಾಲುಚೀಲಗಳನ್ನೂ ಬಿಚ್ಚಿ ನೆಲ್ಲಿಯ ಕೈಗಿಟ್ಟರು.

"ಇದಿಲ್ಲದೆ ಆ ಬೂಟು ಪೂರ್ತಿಯಲ್ಲ ಎಂದು ಹೇಳಿ," ಅಂದರು ಮರಿಸೋಲ್‌ಗೆ. "ವಾರಕ್ಕೊಮ್ಮೆ ಒಗೆಯಬೇಕು. ತಣ್ಣೀರಲ್ಲಿ."

ನೆಲ್ಲಿ ಏನೋ ಉದ್ದವಾಗಿ ಹೇಳಿದಳು. ಮರಿಸೋಲ್ "ಒಗೆಯುತ್ತಾಳಂತೆ," ಎಂದಷ್ಟೇ ಅನುವಾದಿಸಿದರು.

ಸುಮಿತ್ರಾ ನನ್ನ ಕಡೆ ತಿರುಗಿದಳು.

"ನಿಮ್ಮ ಚಪ್ಪಲ್ ಬಿಚ್ಚರಿ."

"ನನ್ನವಾ?"

"ಮತ್ಯಾರವು? ಅವರ ಕಾಲು ನಿಮ್ಮ ಕಾಲು ಒಂದ ಅಳತಿ ಐತಿ. ಚರ್ಚಿನ ಬಾಗಲದಾಗ ಅವರ ಬೂಟಿನ ಪಕ್ಕ ನಿಮ್ಮವು ಇಟ್ಟಾಗ ನೋಡೀನಿ. ಇಲ್ಲೇ ಎಲ್ಲೆರ ಚಪ್ಪಲ್ ಹೊಲಿಯಾವ್ರು ಇರ್ತಾರ. ಇಂಥಾ ಊರಾಗ ಇಲ್ದ ಇರ್ತಾರೇನು?"

ಇದ್ದರು. ನೆಲ್ಲಿ ತಾನೇ ಮುಂದೆ ನಡೆದು (ಹಲಗೆ ಇಲ್ಲದೆ) ಕಮಾನಿನ ನೆರಳಿನಲ್ಲಿ ಕೂತಿದ್ದ ಒಬ್ಬರ ಬಳಿ ಕರೆದೊಯ್ದಳು. ಹಳೆಯ ಟೈರು, ಮೊಳೆ, ಸುತ್ತಿಗೆ. ರೆನ್ನಿಂಗೆನ್‌ನಲ್ಲಿ ಇಂಥದೊಂದು ಕೆಲಸಕ್ಕೆ ಮೂರು ಅಪಾಯಿಂಟ್‌ಮೆಂಟು ಬೇಕು. ಫ್ರೌ ಬೇರಿಂಗರ್ ಮತ್ತು ಆ ಮನುಷ್ಯ ಒಂದೇ ಒಂದು ಸಾಮಾನ್ಯ ಶಬ್ದವಿಲ್ಲದೆ ಒಂದು ಗಂಟೆ ಜಗಳವಾಡಿದರು. ಅವರು ಬೆರಳಿನಿಂದ ಅಳತೆ ತೋರಿಸುವುದು, ಇವರು ತಲೆಯಾಡಿಸುವುದು, ಒಂದು ಪದರು ಕಿತ್ತು ಮತ್ತೆ ಹಾಕುವುದು. ಕೊನೆಗೆ ಇಬ್ಬರೂ ಸಮಾನವಾಗಿ ಅತೃಪ್ತರಾದಾಗ ಕೆಲಸ ಮುಗಿಯಿತು.

ಸಂಜೆ ಸರಿಯಾದ ಹೊತ್ತಿಗೆ ನಾವು ಗೋಡೆ ಹತ್ತಿದೆವು. ಫ್ರೌ ಬೇರಿಂಗರ್ ನನ್ನ ಚಪ್ಪಲಿಯಲ್ಲಿ. ನಾನು ಬರಿಗಾಲಿನಲ್ಲಿ.

ದಿನವಿಡೀ ಬಿಸಿಲು ಕುಡಿದ ಕಲ್ಲು ಸೂರ್ಯ ಮುಳುಗಿದ ಕೂಡಲೇ ತಣ್ಣಗಾಗುವುದಿಲ್ಲ. ಇದು ಕೋರ್ಸಿನಲ್ಲಿ ಇರಲಿಲ್ಲ. ಚಳಿಗಾಲವೆಲ್ಲ ಸ್ಲೈಡಿನಲ್ಲಿ ನೋಡಿದ ಹವಳದ ಕಲ್ಲಿನ ರಚನೆಯನ್ನು ನಾನು ಅಂಗಾಲಿನಿಂದ ಅಧ್ಯಯನ ಮಾಡಿದೆ. ಎಲ್ಲಿ ಹವಳ, ಎಲ್ಲಿ ಸುಣ್ಣ, ಎಲ್ಲಿ ಆಮೇಲೆ ಮೆತ್ತಿದ ಸಿಮೆಂಟು, ಕಣ್ಣು ಮುಚ್ಚಿ ಹೇಳಬಲ್ಲೆ. ಗ್ರೂಪಿನಲ್ಲಿ ಇಷ್ಟು ಆಳವಾಗಿ ಕಲಿತವರು ಇನ್ಯಾರೂ ಇಲ್ಲ.

"ದೇವರ ಮುಂದ ಚಪ್ಪಲ್ ಬಿಚ್ಚಿದ್ರಿ," ಅಂದಳು ಸುಮಿತ್ರಾ ಪಕ್ಕದಲ್ಲಿ ನಡೆಯುತ್ತ. "ಈಗ ಊರ ತುಂಬ ಪ್ರದಕ್ಷಿಣಿ ಆಗ್ಲಿಕತ್ತದ. ಅಡ್ಡಬಿದ್ದು ದೀಡ ನಮಸ್ಕಾರ ಹಾಕೂದ ಒಂದ ಬಾಕಿ ಉಳದದ ನೋಡ್ರಿ."

ಫ್ರೌ ಬೇರಿಂಗರ್ ಎಲ್ಲರಿಗಿಂತ ಹಿಂದೆ, ಎಲ್ಲರಿಗಿಂತ ನಿಧಾನವಾಗಿ, ಟಕ್ಕು ಟಕ್ಕು ಎಂದು ನಡೆಯುತ್ತಿದ್ದರು. ಒಂದು ಕಡೆ ಸಮುದ್ರ, ಒಂದು ಕಡೆ ಬಾಲ್ಕನಿಗಳಲ್ಲಿ ದೀಪ. ಗೋಡೆ ನಡುವೆ ಕಡಿದುಹೋದ ಕಡೆ ಕೆಳಗಿಳಿದು, ಮತ್ತೆ ಸಿಕ್ಕಿದ ಕಡೆ ಮೇಲೆ ಹತ್ತಿದರು. ಕೈ ಕೊಡಲು ಹೋದೆ. "ನೀವು ನಿಮ್ಮ ಕಾಲು ನೋಡಿಕೊಳ್ಳಿ, ಹೆರ್ ಪಾಟೀಲ್," ಅಂದರು. ನ್ಯಾಯವಾದ ಮಾತು.

ಹೊರಟ ಜಾಗದಲ್ಲಿದ್ದ ಹಳೆಯ ಫಿರಂಗಿಯ ಬಳಿ ಮತ್ತೆ ಬಂದು ತಲುಪಿದಾಗ ಅವರು ಅದರ ಮೇಲೆ ಅಂಗೈ ಇಟ್ಟು ನಿಂತರು. ಬಹಳ ಹೊತ್ತು ನಿಂತರು. ಅವರ ಮುಖವನ್ನು ನಾನು ನೋಡಲಿಲ್ಲ. ಕೆಲವು ಸಲ ನೋಡಬಾರದು.

"ಎಷ್ಟಾಯಿತು ಉದ್ದ?" ಕೇಳಿದೆ.

"ಹೇಳಲಾಗದು," ಅಂದರು. "ಟೈರು ದಾರಿಯಲ್ಲಿ ಸವೆದಿದೆ. ಅಳತೆ ಪ್ರಮಾಣಬದ್ಧವಲ್ಲ."

ಇದು ಏಪ್ರಿಲ್ ತಿಂಗಳ ಕಥೆ. ನಾನು ಚಪ್ಪಲಿ ವಾಪಸು ಕೇಳಲಿಲ್ಲ, ಅವರು ಕೊಡಲಿಲ್ಲ. ಇನ್ನೊಂದು ಜೊತೆ ಬೂಟು ನೆಲಮಾಳಿಗೆಯಿಂದ ಮೇಲೆ ಬಂತು. ನನ್ನ ಚಪ್ಪಲಿ ಅವರ ಬಾಲ್ಕನಿಯಲ್ಲಿ, ಟೊಮೇಟೊ ಗಿಡಗಳಿಗೆ ನೀರು ಹಾಕುವ ಕೆಲಸಕ್ಕೆ ನೇಮಕವಾಯಿತು.

ಈಗ ಕಳೆದ ಭಾನುವಾರಕ್ಕೆ ಬರೋಣ. ಶ್ರಾವಣದ ಪೂಜೆ. ಸ್ಟುಟ್‌ಗಾರ್ಟಿನಿಂದ, ಮ್ಯಾನ್‌ಹೈಮ್‌ನಿಂದ ಬಂದ ಜನ. ಬಾಗಿಲ ಹೊರಗೆ ಏನಿತ್ತು ಎಂದು ನಾನು ಇಲ್ಲಿಯವರೆಗೆ ಹೇಳಿಲ್ಲ. ಬೂಟು, ಚಪ್ಪಲಿ, ಸ್ಯಾಂಡಲ್, ಮಕ್ಕಳ ಲೈಟು ಮಿನುಗುವ ಶೂ. ಒಂದರ ಮೇಲೊಂದು, ಅವರ ಬಾಗಿಲ ತನಕ.

ಅದರ ನಡುವೆ, ಎರಡೂ ಕೈಯಲ್ಲಿ ನನ್ನ ಚಪ್ಪಲಿ ಹಿಡಿದು, ಫ್ರೌ ಬೇರಿಂಗರ್.

"ಅಕ್ಟೋಬರ್ ಹತ್ತಿರ ಬಂತು," ಅಂದರು. "ಆಪರೇಷನ್ ಸರಿಯಾದರೆ ಎರಡೂ ಕಾಲು ಸಮ ಆಗಬಹುದಂತೆ. ಆಗ ಇದು ನನಗೆ ಬರುವುದಿಲ್ಲ."

ನನಗೂ ಬರುವುದಿಲ್ಲ ಎಂದು ಹೇಳಬಹುದಿತ್ತು. ಎರಡೂ ಕೈ ಚಾಚಿ ತೆಗೆದುಕೊಂಡೆ.

ಅವರು ಕೆಳಗೆ ನೋಡಿದರು. ಗುಡ್ಡವಲ್ಲ, ಪರ್ವತಶ್ರೇಣಿ. ನಾನು ಅಭ್ಯಾಸಬಲದಿಂದ ಕ್ಷಮಾಪಣೆಗೆ ಬಾಯಿ ತೆರೆದೆ.

"ಯಾರಾದರೂ ನೋಡಿಕೊಳ್ಳುತ್ತಿದ್ದಾರೆಯೇ?" ಕೇಳಿದರು.

"ಇಲ್ಲ."

ತಲೆಯಾಡಿಸಿ, ಚಪ್ಪಲಿಗಳನ್ನು ಜಾಗರೂಕತೆಯಿಂದ ದಾಟಿ, ತಮ್ಮ ಮನೆಯೊಳಗೆ ಹೋದರು. ನಿಯಮಾವಳಿಯ ಹೊಸ ಪ್ರತಿ ಬರುತ್ತದೆಂದು ಕಾದು ನಿಂತೆ. ಬಂದದ್ದು ಕುರ್ಚಿ. ತಮ್ಮ ಬಾಗಿಲ ಪಕ್ಕದಲ್ಲಿ ಹಾಕಿಕೊಂಡು, ಬೂಟುಗಳ ಕಡೆ ಮುಖ ಮಾಡಿ ಕೂತರು.

ಸುಮಿತ್ರಾ ಹೋಳಿಗೆಯ ತಟ್ಟೆ ಹಿಡಿದು ಒಳಗೆ ಕರೆದಳು. ಬರಲಿಲ್ಲ. ಕರ್ತವ್ಯದಲ್ಲಿದ್ದೇನೆ ಅಂದರು. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ತಿಂದರು. ಕೊನೆಯ ಅತಿಥಿ ಕೊನೆಯ ಬೂಟು ಹಾಕಿಕೊಳ್ಳುವವರೆಗೂ ಏಳಲಿಲ್ಲ.

ಹೌಸ್‌ಓರ್ಡ್ನುಂಗನ್ನು ಆ ರಾತ್ರಿ ಮತ್ತೆ ತೆಗೆದು ಓದಿದೆ. ಮೆಟ್ಟಿಲ ಬಳಿ ಕುರ್ಚಿ ಇಡುವುದೂ ನಿಷಿದ್ಧ. ದೂರು ಕೊಡೋಣವೆಂದರೆ, ಈ ಕಟ್ಟಡದಲ್ಲಿ ದೂರು ತೆಗೆದುಕೊಳ್ಳುವವರು ಅವರನ್ನು ಬಿಟ್ಟು ಬೇರೆ ಯಾರಿದ್ದಾರೆ?